ಕೂಗಳತೆಯ ಕಂಸ

ಆರ್ ಎಂಬ ಒಂದಕ್ಷರದ ಹೆಸರಿನ ಕಂಪ್ಯೂಟರ್ ಭಾಷೆಯೊಂದಿದೆ. ಅಂಕಿ ಅಂಶಗಳ ಜೊತೆ ಏಗುವವರು ದಿನಾ ಬಳಸುವ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಒಂದೇ ಆಗಿದ್ದರಿಂದ ನಾಮಕರಣಕ್ಕೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಈ ಭಾಷೆಯಲ್ಲಿ ಒಂದು ಸಾಲು ಬರೆದರೆ ಕಂಬಗಳ ಚಿತ್ರ ಬರುತ್ತದೆ, ಇನ್ನೊಂದು ಸಾಲಿಗೆ ಚುಕ್ಕೆಗಳ ಚಿತ್ರ. ಇಡೀ ವೃತ್ತ ಬೇಕೆಂದರೆ 'ಸಿಂಬಲ್ಸ್' ಎಂಬ ಆಜ್ಞೆ ಇದೆ. ಆದರೆ ವೃತ್ತದ ಒಂದು ತುಂಡು ಮಾತ್ರ ಬೇಕು ಎಂದರೆ ಮೂಲ ಆರ್ ಸುಮ್ಮನಾಗುತ್ತದೆ. ಅದಕ್ಕೆ ನೇರವಾದ ಆಜ್ಞೆಯೇ ಇಲ್ಲ. 'ಪ್ಲಾಟ್ರಿಕ್ಸ್', 'ಜಿಜಿಫೋರ್ಸ್' ಎಂದು ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು ತಂದುಕೊಳ್ಳಬೇಕು, ಇಲ್ಲವೇ ನಾವೇ ಕೈಯಾರೆ ಬರೆದುಕೊಳ್ಳಬೇಕು.

ನಾನು ಕೈಯಾರೆ ಬರೆದುಕೊಳ್ಳುವ ಪೈಕಿ. ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಈ ತುಂಡುಗಳ ಮೇಲೆ ನಿಂತಿದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಮಕ್ಕಳು ಶಾಲೆಗೆ ನಡೆಯುವ ದೂರ ನನ್ನ ವಿಷಯ. ವೃತ್ತದ ಅಂಚಿನ ತುಂಡಿಗೆ ನಮ್ಮ ಹೈಸ್ಕೂಲಿನ ಗಣಿತ ಪುಸ್ತಕ 'ಕಂಸ' ಎಂದು ಹೆಸರಿಟ್ಟಿದೆ. ಕೃಷ್ಣನ ಸೋದರಮಾವನನ್ನು ನೆನೆಸಿಕೊಂಡು ತರಗತಿಯಲ್ಲಿ ನಕ್ಕವರು ನಾವೊಬ್ಬರೇ ಇರಲಾರೆವು. ತ್ರಿಜ್ಯ, ಜ್ಯಾ, ಕಂಸ, ತ್ರಿಜ್ಯಾಂತರ ಖಂಡ ಎಂದು ಬಾಯಿಪಾಠ ಮಾಡಿ ಮರೆತವರಿಗೆ ಹೇಳುವುದಾದರೆ, ಕಂಸ ಎಂದರೆ ಒಡೆದ ಬಳೆಯ ಚೂರು.

ಅದನ್ನು ಎಳೆಯುವ ವಿಧಾನದಲ್ಲಿ ಗುಟ್ಟೇನೂ ಇಲ್ಲ. ದೊಡ್ಡ ಕೈವಾರ ಇಲ್ಲದ ಶಾಲೆಗಳಲ್ಲಿ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ದಾರದ ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಚಾಕ್‌ಪೀಸ್ ಕಟ್ಟಿ ಸುತ್ತಿಸುತ್ತಾರಲ್ಲ, ಅದೇ. ಹೆಬ್ಬೆರಳು ಇರುವ ಜಾಗ ಕೇಂದ್ರ, ದಾರದ ಉದ್ದ ತ್ರಿಜ್ಯ. ಚಾಕ್‌ಪೀಸನ್ನು ಎಲ್ಲಿ ಇಟ್ಟು ಎಲ್ಲಿ ಎತ್ತುತ್ತೀರಿ ಎನ್ನುವುದು ಶುರುವಿನ ಕೋನ ಮತ್ತು ಕೊನೆಯ ಕೋನ. ಆರ್‌ನಲ್ಲಿ ಮೊದಲು 'ಸೀಕ್' ಎಂಬ ಆಜ್ಞೆ ಕೊಟ್ಟು ಆ ಎರಡು ಕೋನಗಳ ನಡುವೆ ಸಮ ಅಂತರದ ನೂರು ಕೋನಗಳನ್ನು ಮಾಡಿಸುತ್ತೇನೆ. ಒಂದೊಂದು ಕೋನದ ಕೊಸೈನನ್ನೂ ತ್ರಿಜ್ಯದಿಂದ ಗುಣಿಸಿ ಕೇಂದ್ರದ ಅಡ್ಡ ಅಳತೆಗೆ ಕೂಡಿಸುತ್ತೇನೆ. ಸೈನನ್ನು ಗುಣಿಸಿ ಮೇಲಿನ ಅಳತೆಗೆ ಕೂಡಿಸುತ್ತೇನೆ. ನೂರು ಚುಕ್ಕೆ ಸಿದ್ಧವಾದವು. 'ಲೈನ್ಸ್' ಎಂದರೆ ಆ ಚುಕ್ಕೆಗಳನ್ನು ರಂಗೋಲಿಯಂತೆ ಸೇರಿಸಿಬಿಡುತ್ತದೆ. ಕೋನವನ್ನು ಡಿಗ್ರಿಯಲ್ಲಿ ಕೊಟ್ಟರೆ ಆರ್‌ಗೆ ತಿಳಿಯುವುದಿಲ್ಲ. ಪೈಯಿಂದ ಗುಣಿಸಿ 180ರಿಂದ ಭಾಗಿಸಿ ರೇಡಿಯನ್ ಮಾಡಿಕೊಡಬೇಕು.

ಹೀಗೆ ಬಂದ ಕಂಸ ನಿಜಕ್ಕೂ ಬಾಗಿರುವುದಿಲ್ಲ. ಸಣ್ಣ ಸಣ್ಣ ನೇರಗೆರೆಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತವೆ, ಕಣ್ಣಿಗೆ ಬಾಗಿದಂತೆ ಕಾಣುತ್ತದೆ. ಪ್ರತಿ ನೇರಗೆರೆಯೂ ಒಂದು ಜ್ಯಾ. ಜ್ಯಾ ಎಂದರೆ ಬಿಲ್ಲಿನ ಹೆದೆ. ಆರ್ಯಭಟ ಕ್ರಿ.ಶ. 499ರಲ್ಲಿ ಕಾಲು ವೃತ್ತವನ್ನು 24 ಪಾಲು ಮಾಡಿ, 3 ಡಿಗ್ರಿ 45 ನಿಮಿಷಕ್ಕೆ ಒಂದರಂತೆ ಅರ್ಧಜ್ಯಾಗಳ ಕೋಷ್ಟಕ ಕೊಟ್ಟ. ಆತ ಹಿಡಿದ ತ್ರಿಜ್ಯ 3438. ಈ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಇಡೀ ಸುತ್ತಳತೆಯ 21,600 ಕೋನ-ನಿಮಿಷಗಳನ್ನು ಪೈಯ ಎರಡರಷ್ಟರಿಂದ ಭಾಗಿಸಿದರೆ ಸರಿಸುಮಾರು ಅಷ್ಟು ಬರುತ್ತದೆ. ಅಂದರೆ ತ್ರಿಜ್ಯವನ್ನೂ ಕಂಸವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದಿದ್ದ. ಆರ್ ನನ್ನಿಂದ ರೇಡಿಯನ್ ಕೇಳುವುದೂ ಇದೇ ಕಾರಣಕ್ಕೆ. ಜ್ಯಾಕ್ಕೆ ಇದ್ದ ಇನ್ನೊಂದು ಹೆಸರು ಜೀವಾ. ಅದು ಅರಬ್ಬಿಗೆ ಹೋಗಿ ಜೀಬ ಆಯಿತು, ಅದನ್ನು ಜೈಬ್ ಎಂದು ಓದಿದವರು ಲ್ಯಾಟಿನ್ನಿಗೆ ಸೈನಸ್ ಎಂದು ತಂದರು, ಅಲ್ಲಿಂದ ಸೈನ್ ಆಗಿ ನನ್ನ ಲ್ಯಾಪ್‌ಟಾಪಿಗೆ ಬಂದಿದೆ. ಇದನ್ನು ಹೇಳಿ ಎದೆ ಉಬ್ಬಿಸುವ ವಾಟ್ಸ್ಯಾಪ್ ಸಂದೇಶಗಳು ನನಗೂ ಬರುತ್ತವೆ. ನನ್ನ ಆಸಕ್ತಿ ಬೇರೆ. ಐದು ಕಿಲೋಮೀಟರ್ ತ್ರಿಜ್ಯದ ಕಂಸವನ್ನು ಆರ್ಯಭಟನ ಹೆಜ್ಜೆಯಲ್ಲೇ ಎಳೆದರೆ ನೇರಗೆರೆ ನಿಜವಾದ ಕಂಸಕ್ಕಿಂತ ಹೆಚ್ಚೆಂದರೆ 2.7 ಮೀಟರ್ ಒಳಗೆ ಬೀಳುತ್ತದೆ. ಒಂದು ಓಣಿಯ ಅಗಲ. ಐದು ಕಿಲೋಮೀಟರಿಗೆ ಒಂದು ಓಣಿ ತಪ್ಪಿದರೆ ನನ್ನ ಕೆಲಸಕ್ಕೆ ಏನೂ ನಷ್ಟವಿಲ್ಲ. ನಷ್ಟ ಬೇರೆ ಕಡೆ ಆಗುತ್ತದೆ, ಅದಕ್ಕೆ ಬರುತ್ತೇನೆ.

ಅದಕ್ಕೂ ಮುಂಚೆ ಎರಡು ಎಚ್ಚರಿಕೆ, ಕಂಸ ಎಳೆಯಲು ಹೊರಡುವ ಯಾರಿಗಾದರೂ ಬೇಕಾದೀತು. ಒಂದು, ಆರ್ ತನ್ನಷ್ಟಕ್ಕೆ ಚಿತ್ರವನ್ನು ಕಿಟಕಿಯ ಆಕಾರಕ್ಕೆ ಹಿಗ್ಗಿಸುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. 'ಆಸ್ಪ್' ಎಂಬ ಗುಣಕ್ಕೆ 1 ಎಂದು ಬರೆದರೆ ಅಡ್ಡದ ಒಂದು ಅಳತೆಯೂ ಉದ್ದದ ಒಂದು ಅಳತೆಯೂ ಸಮವಾಗುತ್ತವೆ. ನಕ್ಷೆಯಾದರೆ ಅಷ್ಟೂ ಸಾಲದು. ಅಕ್ಷಾಂಶ ರೇಖಾಂಶಗಳನ್ನೇ ಅಳತೆಯಾಗಿ ಬಳಸಿ ಎಳೆದರೆ ಕೊಳ್ಳೇಗಾಲದ ಆಸುಪಾಸಿನಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6 ಕಿ.ಮೀ., ರೇಖಾಂಶದ ಒಂದು ಡಿಗ್ರಿ ಸುಮಾರು 108.9 ಕಿ.ಮೀ. ಐದು ಕಿಲೋಮೀಟರಿನ ವೃತ್ತದಲ್ಲಿ ಮೂಡಲು ಪಡುವಲು ಕಡೆ ಸುಮಾರು 80 ಮೀಟರ್ ಕೊರತೆ ಬೀಳುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಮೀಟರಿಗೆ ಇಳಿಸಿಕೊಳ್ಳಬೇಕು. ನಮ್ಮ ಮೂರು ತಾಲ್ಲೂಕುಗಳೂ ಯುಟಿಎಂ ಲೆಕ್ಕದ 43ನೇ ಉತ್ತರ ವಲಯದಲ್ಲಿ ಬರುತ್ತವೆ.

ಎರಡನೆಯದು ದಿಕ್ಕು. ಕೈಯಲ್ಲಿ ದಿಕ್ಸೂಚಿ ಹಿಡಿದು ಊರಿನ ಸುತ್ತ ಓಡಾಡಿದರೆ ಸೊನ್ನೆ ಎಂದರೆ ಬಡಗಲು, ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಲೆಕ್ಕ. ಆರ್‌ಗೆ ಸೊನ್ನೆ ಎಂದರೆ ಮೂಡಲು, ಅಲ್ಲಿಂದ ಮುಳ್ಳಿಗೆ ವಿರುದ್ಧವಾಗಿ ಬಡಗಲಿಗೆ ತಿರುಗುತ್ತದೆ. 90ರಿಂದ ದಿಕ್ಸೂಚಿಯ ಅಳತೆ ಕಳೆದರೆ ಲೆಕ್ಕ ಕೂಡಿಬರುತ್ತದೆ. ಸೊನ್ನೆ ಮೂಡಲಲ್ಲಿರುವುದು ನಮ್ಮ ಕಡೆಯವರಿಗೆ ಒಗ್ಗುವ ಮಾತೇ. ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಮೊದಲು ಹೊತ್ತು ಹುಟ್ಟುವ ಕಡೆ ಕೈ ತೋರಿಸಿ ಮಿಕ್ಕ ದಿಕ್ಕು ಹೇಳುತ್ತಾರೆ. ಆದರೆ ತಿರುಗುವುದು ಮಾತ್ರ ಉಲ್ಟಾ. ಮೂಡಲಿಗೆ ಮುಖ ಮಾಡಿ ನಿಂತರೆ ಬಲಗೈ ತೆಂಕಲಿಗೆ ಬರುತ್ತದೆ. ಬಲಕ್ಕೂ ತೆಂಕಲಿಗೂ ಸಂಸ್ಕೃತದಲ್ಲಿ ಒಂದೇ ಹೆಸರು, ದಕ್ಷಿಣ. ಆ ಕಡೆಗೆ ಹೊರಟು ಸುತ್ತುವುದು ಪ್ರದಕ್ಷಿಣೆ. ಗಣಿತ ಸುತ್ತುವುದು ಅಪ್ರದಕ್ಷಿಣೆ. ಮಾದಪ್ಪನ ಗುಡಿಯಲ್ಲಿ ಹೀಗೆ ಸುತ್ತಿದರೆ ಎದುರು ಬಂದವರೆಲ್ಲ ಡಿಕ್ಕಿ ಹೊಡೆಯುತ್ತಾರೆ.

ಇನ್ನು ಇಡೀ ವೃತ್ತ ಬಿಟ್ಟು ಚೂರುಗಳ ಹಿಂದೆ ಯಾಕೆ ಬಿದ್ದೆ ಎನ್ನುವುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ 2010ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ 'ನೆರೆಹೊರೆ'ಗೆ ಒಂದು ಅಳತೆ ಇದೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ನಡೆದು ಹೋಗುವ 1 ಕಿ.ಮೀ. ಒಳಗೆ ಶಾಲೆ ಇರಬೇಕು. ಆರರಿಂದ ಎಂಟನೇ ತರಗತಿಗೆ 3 ಕಿ.ಮೀ. ಈ ಸಂಖ್ಯೆ ನಕ್ಷೆಯ ಮೇಲೆ ಬಂದಾಗ ವೃತ್ತವಾಗುತ್ತದೆ. ಶಾಲೆಯ ಮೇಲೆ ಹೆಬ್ಬೆರಳು ಒತ್ತಿ ದಾರ ಸುತ್ತಿಸಿದರೆ ಮುಗಿಯಿತು. ನಕ್ಷೆಯ ತಂತ್ರಾಂಶಗಳಲ್ಲಿ ಇದಕ್ಕೆ 'ಬಫರ್' ಎಂಬ ಒಂದೇ ಗುಂಡಿ ಇದೆ. ವೃತ್ತದ ಒಳಗೆ ಬಿದ್ದ ಊರಿಗೆ ಶಾಲೆ ಇದೆ, ಹೊರಗೆ ಬಿದ್ದದ್ದಕ್ಕೆ ಇಲ್ಲ. ಕಡಿಮೆ ಮಕ್ಕಳಿರುವ ಶಾಲೆಯನ್ನು ಹತ್ತಿರದ ಇನ್ನೊಂದಕ್ಕೆ ಸೇರಿಸುವ ಮಾತು ಬಂದಾಗಲೂ, ಮಕ್ಕಳಿಗೆ ವಾಹನ ಕೊಡಬೇಕೇ ಬೇಡವೇ ಎಂಬ ಮಾತು ಬಂದಾಗಲೂ 'ಹತ್ತಿರ' ಯಾವುದು ಎಂದು ಯಾರೋ ಒಬ್ಬರು ತೀರ್ಮಾನಿಸಬೇಕು. ಎದುರಿಗೆ ವೃತ್ತ ಇದ್ದರೆ ತೀರ್ಮಾನ ಸುಲಭ.

ಯಳಂದೂರಿನ ಬಯಲಲ್ಲಿ ಈ ವೃತ್ತ ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತದೆ. ಸುವರ್ಣಾವತಿಯ ನೀರು ಹರಿಯುವ ಗದ್ದೆ ಬಯಲು, ಊರಿಂದ ಊರಿಗೆ ಕಾಣುವ ದಾರಿ. ನಾಲೆ ಅಡ್ಡ ಬಂದರೆ ಸೇತುವೆ ಇರುವ ಕಡೆಗೆ ಸ್ವಲ್ಪ ಸುತ್ತಬೇಕು, ಅಷ್ಟೆ. ಅದೇ ತಾಲ್ಲೂಕಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಬುಡ ಮುಟ್ಟಿದ ಕೂಡಲೇ ಬೇರೆ ಲೋಕ. ಕೊಳ್ಳೇಗಾಲ ಪಟ್ಟಣದೊಳಗೆ ವೃತ್ತವೂ ಬೇಡ, ಕಂಸವೂ ಬೇಡ, ಮಕ್ಕಳು ಆಟೋದಲ್ಲಿ ಹೋಗುತ್ತಾರೆ. ಹನೂರು ದಾಟಿ ಮೂಡಲಿಗೆ ಹೋದಂತೆ ವೃತ್ತದ ಮಾತು ನಂಬುವ ಹಾಗಿಲ್ಲ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನೇರಗೆರೆ ಎಳೆದರೆ ಸುಮಾರು 50 ಕಿ.ಮೀ., ಬಸ್ಸು ಓಡುವುದು ಸುಮಾರು 80 ಕಿ.ಮೀ. ತಾಳಬೆಟ್ಟದಿಂದ ಮೇಲೆ ರಸ್ತೆ ಹಾವಿನಂತೆ ಮಡಚಿಕೊಂಡು ಏರುತ್ತದೆ. ಇದು ಡಾಂಬರು ಇರುವ ದಾರಿಯ ಕತೆ. ಮಾದಪ್ಪನಿಗೆ ಎಪ್ಪತ್ತೇಳು ಮಲೆ ಎನ್ನುತ್ತಾರೆ. ಆ ಮಲೆಗಳ ಸಂದಿಯಲ್ಲಿರುವ ಕೆಲವು ಊರುಗಳಿಗೆ ಕಾಲುದಾರಿಯೇ ರಸ್ತೆ.

ದೂರದ ವಿಷಯದಲ್ಲಿ ಈ ಸೀಮೆಗೆ ಹಳೆಯ ಅನುಭವ ಇದೆ. ಯಳಂದೂರು ಮೈಸೂರು ಸಂಸ್ಥಾನದ ಊರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಅಲ್ಲಿಂದ ನೇರಕ್ಕೆ ಸುಮಾರು 14 ಕಿ.ಮೀ. ದೂರದ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಜಿಲ್ಲಾ ಕೇಂದ್ರ ಕೊಯಮತ್ತೂರು. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ಹನೂರು ಆಗ ಕೊಳ್ಳೇಗಾಲದ ಒಳಗೇ ಇತ್ತು. ಕೊಳ್ಳೇಗಾಲದಲ್ಲಿ ಹೆಬ್ಬೆರಳು ಒತ್ತಿ ದಾರ ಹಿಡಿದರೆ ಮೈಸೂರಿಗೆ ಸುಮಾರು 53 ಕಿ.ಮೀ. ದಾರ ಸಾಕು. ಕೊಯಮತ್ತೂರಿಗೆ ಸುಮಾರು 125 ಬೇಕು, ನಡುವೆ ಸತ್ಯಮಂಗಲದ ಕಾಡು, ದಿಂಬಂ ಘಾಟಿ. ಜಿಲ್ಲಾ ಕಚೇರಿಯಲ್ಲಿ ಕೆಲಸವಿದ್ದ ರೈತ ಹತ್ತಿರದ ಪಟ್ಟಣಕ್ಕೆ ಬೆನ್ನು ಹಾಕಿ ಬೆಟ್ಟ ದಾಟಬೇಕಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು, ಇತ್ತೀಚೆಗೆ ಹನೂರೂ ತಾಲ್ಲೂಕಾಯಿತು. ಒಂದೊಂದು ಸಲವೂ ದಾರ ಸ್ವಲ್ಪ ಗಿಡ್ಡವಾಗಿದೆ. ಆಡಳಿತ ಹತ್ತಿರ ಬಂದಿರುವುದು ನಿಜ. ಎಂಟನೇ ತರಗತಿ ಅದೇ ವೇಗದಲ್ಲಿ ಬಂದಿಲ್ಲ.

ಹನೂರು ತಾಲ್ಲೂಕಿನ ಬೆಟ್ಟದ ಮೇಲಿನ ಒಂದು ಊರಿಗೆ ನಾನು ಹೋಗಿ ಬರುತ್ತಿರುತ್ತೇನೆ. ಹೆಸರು ಬರೆಯುವುದಿಲ್ಲ ಎಂದು ಅಲ್ಲಿಯವರಿಗೆ ಮಾತು ಕೊಟ್ಟಿದ್ದೇನೆ. ಹಿರಿಯ ಪ್ರಾಥಮಿಕ ಶಾಲೆ ಕೆಳಗಿನ ಊರಿನಲ್ಲಿದೆ. ಆ ಶಾಲೆಯ ಸುತ್ತ 3 ಕಿ.ಮೀ. ವೃತ್ತ ಎಳೆದರೆ ಮೇಲಿನ ಊರು ಒಳಗೇ ಬೀಳುತ್ತದೆ. ಕಾಗದದ ಪ್ರಕಾರ ಅಲ್ಲಿನ ಮಕ್ಕಳಿಗೆ ಶಾಲೆ ಹತ್ತಿರದಲ್ಲಿದೆ. ಜಗುಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು "ತಾತ, ಸ್ಕೂಲು ಎಷ್ಟು ದೂರ?" ಎಂದು ಕೇಳಿದೆ.

"ಇಲ್ಲೇ ಕನವ್ವ, ಒಂದು ಕೂಗಳತೆ" ಎಂದರು. ಬೆಟ್ಟದ ಅಂಚಿನಲ್ಲಿ ನಿಂತು ಕೂಗಿದರೆ ಕೆಳಗಿನ ಊರಿನವರಿಗೆ ಕೇಳುತ್ತದಂತೆ, ಅದೂ ಗಾಳಿ ಆ ಕಡೆಗೆ ಬೀಸುವಾಗ. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ಕೂಗು ಹೋಯ್ತದೆ, ಮಕ್ಕ ಹೋಗಕ್ಕೆ ಒಂದು ಗಂಟೆ. ಬರಕ್ಕೆ ಅದರ ಎರಡರಷ್ಟು ಅನ್ನು" ಎಂದರು.

ನಾನು ಆಮೇಲೆ ಓದಿದ ಎಷ್ಟೋ ಲೇಖನಗಳಿಗಿಂತ ಈ ಎರಡು ಮಾತು ಹೆಚ್ಚು ಕೆಲಸಕ್ಕೆ ಬಂದವು. ಕೂಗಳತೆ ನಮ್ಮ ಹಿರಿಯರ ದೂರದ ಅಳತೆ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದ ಅದಕ್ಕಿಂತ ದೂರ, ಕೂಗಳತೆ ಎಲ್ಲಕ್ಕಿಂತ ಹತ್ತಿರ. ಕೂಗು ಬೆಟ್ಟ ಕಣಿವೆ ನೋಡದೆ ನೇರ ಹೋಗುತ್ತದೆ. ತಂತ್ರಾಂಶದ ಬಫರ್ ಗುಂಡಿ ಅಳೆಯುವುದೂ ಅದನ್ನೇ. ಇನ್ನು ಎರಡನೆಯ ಮಾತು, ಹೋಗಲು ಒಂದು ಗಂಟೆ, ಬರಲು ಎರಡು. ವೃತ್ತದ ಗಣಿತ ಇದನ್ನು ಒಪ್ಪುವುದೇ ಇಲ್ಲ. ವೃತ್ತದಲ್ಲಿ ಶಾಲೆಯಿಂದ ಮನೆಗೆ ಎಷ್ಟು ದೂರವೋ ಮನೆಯಿಂದ ಶಾಲೆಗೂ ಅಷ್ಟೇ. ಹೆಬ್ಬೆರಳನ್ನು ಶಾಲೆಯ ಮೇಲೆ ಒತ್ತಿದರೂ ಒಂದೇ, ಮಗುವಿನ ಮನೆಯ ಮೇಲೆ ಒತ್ತಿದರೂ ಒಂದೇ. ಇಳಿಜಾರು ಬಂದ ಕೂಡಲೇ ಹೆಬ್ಬೆರಳು ಎಲ್ಲಿದೆ ಎನ್ನುವುದು ಮುಖ್ಯವಾಗುತ್ತದೆ.

ನಾನು ಮನೆಯ ಮೇಲೆ ಒತ್ತುತ್ತೇನೆ.

ಇಳಿಜಾರಿನಲ್ಲಿ ನಡಿಗೆಯ ವೇಗಕ್ಕೆ ಸೂತ್ರಗಳಿವೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ವಾಲ್ಡೊ ಟೋಬ್ಲರ್ 1993ರಲ್ಲಿ ಒಂದನ್ನು ಕೊಟ್ಟ, ಸ್ವಿಸ್ ನಕ್ಷಾಕಾರ ಎಡುವರ್ಡ್ ಇಮ್‌ಹೋಫ್‌ನ ಅಂಕಿಗಳನ್ನು ಆಧರಿಸಿ. ಅದರ ಪ್ರಕಾರ ಸಮತಟ್ಟಿನಲ್ಲಿ ಮನುಷ್ಯ ಗಂಟೆಗೆ 5 ಕಿ.ಮೀ. ನಡೆಯುತ್ತಾನೆ. ನೂರು ಮೀಟರಿಗೆ ಇಪ್ಪತ್ತು ಮೀಟರ್ ಏರುವ ದಾರಿಯಲ್ಲಿ 2.5 ಕಿ.ಮೀ., ಅದೇ ದಾರಿಯಲ್ಲಿ ಇಳಿಯುವಾಗ 3.5 ಕಿ.ಮೀ. ಇಳಿಯುವುದೂ ಸಮತಟ್ಟಿಗಿಂತ ನಿಧಾನ, ಕಡಿದಾದ ದಾರಿಯಲ್ಲಿ ಕಾಲು ಜಾರದಂತೆ ಹೆಜ್ಜೆ ಇಡಬೇಕಲ್ಲ. ಹಾಗಾಗಿ 3 ಕಿ.ಮೀ. ಬಯಲಲ್ಲಿ 36 ನಿಮಿಷ, ಇಳಿಯಲು 51, ಹತ್ತಲು 72. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಇನ್ನೊಂದು ನಿಯಮ ಇದೆ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅದೇ ಏರಿಗೆ ಆತನ ಲೆಕ್ಕದಲ್ಲಿ 96 ನಿಮಿಷ ಬೇಕು. ಎರಡು ಸೂತ್ರಗಳ ನಡುವೆ 24 ನಿಮಿಷದ ಜಗಳ. ತಾತನ ಲೆಕ್ಕ ನೈಸ್ಮಿತ್‌ನನ್ನೂ ದಾಟುತ್ತದೆ. ಯಾರ ಸೂತ್ರದಲ್ಲೂ ಹನ್ನೆರಡು ವರ್ಷದ ಹುಡುಗಿಯ ಬೆನ್ನ ಮೇಲಿನ ಬ್ಯಾಗಿಲ್ಲ, ಹವಾಯಿ ಚಪ್ಪಲಿ ಇಲ್ಲ, ದಾರಿಯಲ್ಲಿ ಕೂತು ತಮ್ಮನಿಗೆ ಕಾಯುವುದಿಲ್ಲ. ನಾನು ಟೋಬ್ಲರ್ ಸೂತ್ರವನ್ನೇ ಇಟ್ಟುಕೊಂಡಿದ್ದೇನೆ. ಅದು ಮಕ್ಕಳ ಬಗ್ಗೆ ತೀರಾ ಉದಾರವಾಗಿ ಲೆಕ್ಕ ಹಾಕುತ್ತದೆ. ಅಷ್ಟು ಉದಾರವಾಗಿ ನೋಡಿದರೂ ಶಾಲೆ ಹತ್ತಿರವಿಲ್ಲ ಎಂದಾದರೆ ಯಾರೂ ನನ್ನನ್ನು ಉತ್ಪ್ರೇಕ್ಷೆ ಎನ್ನಲಾರರು.

ಈಗ ಕಂಸ. ಊರಿನ ಸುತ್ತಲನ್ನು ಹದಿನಾರು ಪಾಲು ಮಾಡುತ್ತೇನೆ, ಪಾಲಿಗೆ 22.5 ಡಿಗ್ರಿ. ಆರ್ಯಭಟನ ಹೆಜ್ಜೆಯಲ್ಲಿ ಸರಿಯಾಗಿ ಆರು ಹೆಜ್ಜೆ, ಇದು ಬೇಕೆಂದು ಮಾಡಿದ್ದಲ್ಲ, ಹಾಗೇ ಕೂಡಿಬಂತು. ಪ್ರತಿ ಪಾಲಿಗೂ ಒಂದೇ ಪ್ರಶ್ನೆ: ಬಯಲಿನ ಮಗು 3 ಕಿ.ಮೀ. ನಡೆಯುವ 36 ನಿಮಿಷದಲ್ಲಿ ಈ ದಿಕ್ಕಿನಲ್ಲಿ ಎಷ್ಟು ದೂರ ಹೋದೀತು? ಅದು ಆ ಪಾಲಿನ ತ್ರಿಜ್ಯ. ಇಪ್ಪತ್ತು ಮೀಟರ್ ಇಳಿಜಾರಿನ ಕಡೆ 2.1 ಕಿ.ಮೀ. ಬರುತ್ತದೆ, ಅಷ್ಟೇ ಏರಿನ ಕಡೆ 1.5. ಅಂದರೆ ನಿಯಮದ ಮೂರು ಕಿಲೋಮೀಟರ್ ಏರಿನಲ್ಲಿ ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಇದು ದಾರಿ ನೇರ ಇದೆ ಎಂದುಕೊಂಡ ಲೆಕ್ಕ. ದಾರಿ ಬಳಸಿದಷ್ಟೂ ತ್ರಿಜ್ಯ ಇನ್ನೂ ಕುಗ್ಗುತ್ತದೆ. ಶಾಲೆ ಕೆಳಗಿದ್ದು ಮನೆ ಮೇಲಿದ್ದರೆ ಒಂದೇ ಪಾಲಿನಲ್ಲಿ ಎರಡು ಕಂಸ ಎಳೆಯುತ್ತೇನೆ. ಹೊರಗಿನದು ಬೆಳಗಿನದು, ಗಟ್ಟಿ ಗೆರೆ. ಒಳಗಿನದು ಸಂಜೆಯದು, ಚುಕ್ಕೆ ಗೆರೆ. ಶಾಲೆ ಎರಡರ ನಡುವೆ ಬೀಳುವ ಊರುಗಳಿವೆ. ಅಲ್ಲಿ ಬೆಳಿಗ್ಗೆ ಶಾಲೆ ಹತ್ತಿರ ಇರುತ್ತದೆ, ಸಂಜೆ ಮನೆ ದೂರವಾಗಿರುತ್ತದೆ.

ಎಲ್ಲ ಪಾಲು ಮುಗಿದ ಮೇಲೆ ಬರುವ ಚಿತ್ರ ಒಡೆದ ಬಳೆಗಳನ್ನು ಗುಡಿಸಿ ಹಾಕಿದಂತೆ ಕಾಣುತ್ತದೆ. ಅಂದವಾಗಿಲ್ಲ. ನನ್ನ ಮಾರ್ಗದರ್ಶಕರು ಮೊದಲ ಸಲ ನೋಡಿ, "ಎಲ್ಲರೂ ಬಫರ್ ಹಾಕ್ತಾರಲ್ಲಮ್ಮ, ನೀವ್ಯಾಕೆ ಚೂರು ಜೋಡಿಸ್ತಾ ಕೂತಿದೀರಿ?" ಎಂದರು. ಅವರ ಮಾತಿನಲ್ಲಿ ಹುರುಳಿದೆ. ವೃತ್ತವಾದರೆ ಈ ತಾಲ್ಲೂಕನ್ನು ಇನ್ನೊಂದರ ಜೊತೆ ಹೋಲಿಸಬಹುದು, ಬೇರೆ ಜಿಲ್ಲೆಯವರೂ ಅದೇ ಲೆಕ್ಕ ಮಾಡಿ ನೋಡಬಹುದು. ನನ್ನ ಚೂರುಗಳನ್ನು ಪರಿಶೀಲಿಸಬೇಕೆಂದರೆ ಅದೇ ಊರಿಗೆ ನಡೆದೇ ಹೋಗಬೇಕು. "ಸರ್, ಎರಡೂ ಇರಲಿ" ಎಂದು ಬೂದು ಬಣ್ಣದ ವೃತ್ತವನ್ನು ಹಿಂದೆ ಇಟ್ಟು ಅದರ ಮೇಲೆ ಕಂಸಗಳನ್ನು ಎಳೆದೆ. ಆಗ ಚಿತ್ರ ತಾನೇ ಮಾತಾಡತೊಡಗಿತು. ಬೂದು ವೃತ್ತಕ್ಕೂ ಕಪ್ಪು ಕಂಸಕ್ಕೂ ನಡುವೆ ಉಳಿದ ಜಾಗದಲ್ಲಿ ಶಾಲೆಯ ಗುರುತು ಇದ್ದರೆ ಆ ಊರಿನ ಕಡತವನ್ನು ಮತ್ತೊಮ್ಮೆ ತೆರೆಯಬೇಕು. ಸರ್ ಅಧ್ಯಾಯವನ್ನು ಒಪ್ಪಿದರು, ಆದರೆ ಚಿತ್ರದ ಕೆಳಗಿನ ವಿವರಣೆ ಉದ್ದವಾಯಿತು ಎಂದು ಎರಡು ಸಾಲು ಹೊಡೆದುಹಾಕಿದರು.

ಹೇಳಲೇಬೇಕಾದ ಮಾತೆಂದರೆ ನಿಯಮ ಬರೆದವರಿಗೆ ಇದು ಗೊತ್ತಿಲ್ಲದೇ ಇರಲಿಲ್ಲ. ಅದೇ 2010ರ ನಿಯಮಗಳಲ್ಲಿ, ಭೂಪ್ರದೇಶ ದುರ್ಗಮವಾಗಿದ್ದರೆ, ರಸ್ತೆ ಇಲ್ಲದಿದ್ದರೆ, ದಾರಿಯಲ್ಲಿ ಮಕ್ಕಳಿಗೆ ಅಪಾಯವಿದ್ದರೆ ಈ ಮಿತಿಗಳನ್ನು ಕಡಿಮೆ ಮಾಡಿ ಶಾಲೆ ಇಡಬೇಕು ಎಂದಿದೆ. ಕಡಿಮೆ ಮಾಡಿ ಎಂದಿದೆ, ಎಷ್ಟು ಎಂದಿಲ್ಲ. ಆರೋಗ್ಯ ಕೇಂದ್ರಗಳ ವಿಷಯದಲ್ಲಿ ಆ 'ಎಷ್ಟು' ಇದೆ: ಬಯಲಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಬೆಟ್ಟ ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು. ಶಾಲೆಯ ದೂರಕ್ಕೆ ಅಂಥ ಸಂಖ್ಯೆ ಇಲ್ಲ. ಏರಿನ ಕಡೆ ಅರ್ಧ ಎಂಬ ನನ್ನ ಲೆಕ್ಕವನ್ನು ಯಾರಾದರೂ ಅಲ್ಲಿ ತುಂಬಿಕೊಳ್ಳಲಿ ಎಂಬ ಆಸೆ ನನಗಿದೆ. ಪ್ರಬಂಧದಲ್ಲಿ ಆಸೆ ಎಂಬ ಪದ ಬರೆಯುವ ಹಾಗಿಲ್ಲ, 'ಶಿಫಾರಸು' ಎಂದು ಬರೆದಿದ್ದೇನೆ.

ಕಂಸದ ಎರಡು ತುದಿಗಳನ್ನು ಕಂಪ್ಯೂಟರಿಗೆ ಡಿಗ್ರಿಯಲ್ಲಿ ಹೇಳುತ್ತೇನೆ, ಜನರಿಂದ ಕೇಳಿ ತಿಳಿಯುವುದು ಹೆಸರಿನಲ್ಲಿ. ಇಂಥ ಬಂಡೆಯಿಂದ ಇಂಥ ಹಳ್ಳದವರೆಗೆ ದಾರಿ ಇದೆ, ಅಲ್ಲಿಂದಾಚೆ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ತಮ್ಮ ಕಾಡಿನ ಪವಿತ್ರ ಜಾಗಗಳ ನಕ್ಷೆ ಮಾಡಿದ್ದಾರೆ. ಕುಲಕ್ಕೊಂದು ಎಲ್ಲೆ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ. ಆ ಕಾಡು ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಅಲ್ಲಿನ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ಸಿಕ್ಕವು. ಜಾಗದ ಹೆಸರು ಹೇಳಬಲ್ಲವರು ಹಕ್ಕನ್ನೂ ಕೇಳಬಲ್ಲರು ಎಂಬುದಕ್ಕೆ ನನಗೆ ಸಿಕ್ಕ ಹತ್ತಿರದ ಉದಾಹರಣೆ ಇದು. ಹಾಗಾಗಿ ನನ್ನ ಕಡತದಲ್ಲಿ ಪ್ರತಿ ಕೋನದ ಪಕ್ಕ ಒಂದು ಹೆಸರಿನ ಅಂಕಣ ಇಟ್ಟಿದ್ದೇನೆ. 'ಹುಣಸೆಮರದ ತಿರುವು', 'ಜಾರುಬಂಡೆ', 'ಗೇಟು'.

ಗೇಟು ಎಂದರೆ ಅರಣ್ಯದ ಚೆಕ್‌ಪೋಸ್ಟು. ರಾತ್ರಿ ಮುಚ್ಚುತ್ತದೆ. ಅದಕ್ಕೂ ಮುಂಚೆಯೇ, ಹೊತ್ತು ಇಳಿಯುವಾಗ, ಆನೆ ದಾರಿಗೆ ಬರುವ ಹೊತ್ತು. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಾಡಿಗೂ ನಡುವೆ ಆನೆಗಳು ಓಡಾಡುತ್ತವೆ, ಅವುಗಳ ದಾರಿ ನಮ್ಮ ದಾರಿಗಿಂತ ಹಳೆಯದು. ಕಾಡಿನ ಕಡೆಗಿರುವ ಪಾಲುಗಳಲ್ಲಿ ಸಂಜೆಯ ಕಂಸವನ್ನು ಎಲ್ಲಿ ಎಳೆಯಬೇಕು ಎಂದು ಟೋಬ್ಲರ್ ಹೇಳುವುದಿಲ್ಲ. ಒಬ್ಬ ತಾಯಿ ಹೇಳಿದ್ದು ಹೀಗೆ: "ಐದಕ್ಕೆ ಮುಂಚೆ ಬಂದ್ರೆ ದಾರಿ, ಆಮೇಲೆ ದಾರಿ ಇಲ್ಲ." ನಾಲ್ಕೂವರೆಗೆ ಶಾಲೆ ಬಿಟ್ಟರೆ ಅವಳ ಲೆಕ್ಕದಲ್ಲಿ ಉಳಿಯುವುದು ಅರ್ಧ ಗಂಟೆ. ಏರಿನಲ್ಲಿ ಅರ್ಧ ಗಂಟೆಗೆ ಒಂದೂಕಾಲು ಕಿಲೋಮೀಟರ್. ಆ ಪಾಲಿನ ಚುಕ್ಕೆ ಗೆರೆಯನ್ನು ಅಲ್ಲಿಗೇ ಎಳೆದಿದ್ದೇನೆ, ಹೆಸರಿನ ಅಂಕಣದಲ್ಲಿ 'ಐದು ಗಂಟೆ' ಎಂದು ಬರೆದಿದ್ದೇನೆ. ಕೊನೆಯ ಪಿರಿಯಡ್ಡಿಗೆ ಮುಂಚೆಯೇ ಮಕ್ಕಳನ್ನು ಕಳಿಸಿಬಿಡುವ ಮೇಷ್ಟ್ರು ಕೂಡ ಇದ್ದಾರೆ. ಹಾಜರಾತಿ ಪುಸ್ತಕ ಅದನ್ನು ಹೇಳುವುದಿಲ್ಲ, ಕೊನೆಯ ಪಿರಿಯಡ್ಡಿನ ವಿಷಯ ಗಣಿತವಾಗಿದ್ದರೆ ಮಾತ್ರ ಪರೀಕ್ಷೆಯ ಫಲಿತಾಂಶದಲ್ಲಿ ಸ್ವಲ್ಪ ಕಾಣುತ್ತದೆ.

ಇಷ್ಟೂ ಬೇಸಿಗೆಯ ಕಂಸಗಳು. ಮಳೆಗಾಲದವು ಬಾಕಿ ಇವೆ. ಆ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಳ್ಳ ಬಂದರೆ ಕೆಲವು ಪಾಲುಗಳ ತ್ರಿಜ್ಯ ಹಳ್ಳದ ದಡದಲ್ಲೇ ನಿಲ್ಲುತ್ತದೆ ಎಂದು ಊರಿನವರು ಹೇಳಿದ್ದಾರೆ. ಹೇಳಿದ್ದನ್ನೇ ಬರೆದುಕೊಳ್ಳಬಹುದು, ಆದರೆ ಎಷ್ಟು ದಿನ ನೀರು ನಿಲ್ಲುತ್ತದೆ, ಯಾವ ಜಾಗದಲ್ಲಿ ದೊಡ್ಡವರು ಮಕ್ಕಳನ್ನು ಹೆಗಲ ಮೇಲೆ ದಾಟಿಸುತ್ತಾರೆ ಎಂದು ಕಣ್ಣಾರೆ ನೋಡಬೇಕು. ಅಕ್ಟೋಬರಿನಲ್ಲಿ ಬರುತ್ತೇನೆ ಎಂದು ತಾತನಿಗೆ ಹೇಳಿದೆ. "ಬಾರವ್ವ, ಬಾ. ಹಳ್ಳ ಬಂದಿದ್ರೆ ಆಚೆ ದಡದಲ್ಲಿ ನಿಂತು ಕೂಗು" ಎಂದರು. ಕೊಳ್ಳೇಗಾಲದಲ್ಲಿ ಒಂದು ತಿಂಗಳಿಗೆ ರೂಮು ಹೇಳಿಟ್ಟಿದ್ದೇನೆ.